ಮಲಗುವ ಮುಂಚೆ ಬರೆಯೋದು ಬೇರೆ, ಮನಸ್ಸು ಬಿಚ್ಚಿ ಬರೆಯೋದು ಬೇರೆ

ಕೆಲವು ವಿಷಯಗಳು ರಾತ್ರಿ ಲೈಟ್ ಆರಿಸಿದ ಮೇಲೇ ನೆನಪಾಗುತ್ತವೆ. ಗ್ಯಾಸ್ ಬುಕ್ ಮಾಡಿಲ್ಲ. ಅಮ್ಮನ ಬಿಪಿ ಮಾತ್ರೆ ಎರಡೋ ಮೂರೋ ಉಳಿದಿರಬೇಕು. ಊರಿನ ತೋಟಕ್ಕೆ ಔಷಧಿ ಹೊಡೆಸಬೇಕು, ಜನ ಸಿಕ್ಕಿಲ್ಲ. ಅದರ ಬೆನ್ನಿಗೇ ದೀಪಾವಳಿಗೆ ಬಂದಾಗ ಅಣ್ಣ ಮಾಡಿದ್ದು ನೆನಪಾಗುತ್ತದೆ. ಆಮೇಲೆ ಮತ್ತೆ ಗ್ಯಾಸು. ಕೆಲಸ, ನೋವು ಎರಡೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಎರಡೂ ಒಂದೇ ತೂಕದವು ಅನ್ನಿಸುತ್ತದೆ. ನಿದ್ದೆ ಹಾರಿ ಹೋಗುತ್ತದೆ.

‘ಡೈರಿ ಬರಿ, ಮನಸ್ಸು ಹಗುರ ಆಗುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಹಗುರ ಆಗುವುದು ನಿಜ. ಆದರೆ ಯಾವುದನ್ನು ಯಾವ ಹೊತ್ತಿನಲ್ಲಿ ಬರೆಯಬೇಕು ಅಂತ ಯಾರೂ ಹೇಳುವುದಿಲ್ಲ. ಇಷ್ಟು ವರ್ಷ ಬರೆದ ಮೇಲೆ ನನಗೆ ಅನ್ನಿಸಿರುವುದು, ಎಲ್ಲ ಇರುವುದೇ ಅದರಲ್ಲಿ. ನಾಳೆಯ ಕೆಲಸವನ್ನು ರಾತ್ರಿ ಬರೆಯಬೇಕು. ಮನಸ್ಸಿಗೆ ಚುಚ್ಚಿದ್ದನ್ನು ಹಗಲಲ್ಲಿ ಬರೆಯಬೇಕು. ಎರಡನ್ನೂ ಕಲಸಿ ರಾತ್ರಿ ಹನ್ನೊಂದಕ್ಕೆ ಬರೆಯಲು ಕೂತವರು ಸಾಮಾನ್ಯವಾಗಿ ವಾರದೊಳಗೆ ಪುಸ್ತಕ ಮುಚ್ಚಿಡುತ್ತಾರೆ. ಅವರನ್ನು ಸೋಮಾರಿಗಳು ಅಂತ ನಾನು ಅನ್ನುವುದಿಲ್ಲ. ಬರೆದು ಮಲಗಿದರೆ ಇನ್ನೂ ಎಚ್ಚರ ಆಗುತ್ತೆ ಅನ್ನುವಾಗ ಯಾರು ತಾನೇ ಮುಂದುವರಿಸುತ್ತಾರೆ?

ಮೊದಲು ರಾತ್ರಿಯದ್ದು ಹೇಳುತ್ತೇನೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಕಲಿನ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. 18ರಿಂದ 30 ವಯಸ್ಸಿನ 57 ಜನರನ್ನು ಪ್ರಯೋಗಾಲಯದಲ್ಲೇ ಮಲಗಿಸಿದರು. ಮಲಗುವ ಮುಂಚೆ ಐದು ನಿಮಿಷ ಬರೆಯಲು ಹೇಳಿದರು. ಅರ್ಧ ಜನ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು. ಉಳಿದವರು ಆಗಲೇ ಮಾಡಿ ಮುಗಿಸಿದ್ದನ್ನು ಬರೆದರು. ಯಾರು ಎಷ್ಟು ಹೊತ್ತಿಗೆ ನಿದ್ದೆ ಹೋದರು ಅಂತ ಯಂತ್ರ ಇಟ್ಟೇ ಅಳೆದರು. ಮಾಡಬೇಕಾದ್ದನ್ನು ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹೋಗಿದ್ದರು.

ಒಂಬತ್ತು ನಿಮಿಷ ಏನು ಮಹಾ ಅನ್ನಿಸಬಹುದು. ನಿದ್ದೆ ಬಾರದೆ ಹೊರಳಾಡಿದವರಿಗೆ ಒಂಬತ್ತು ನಿಮಿಷ ಎಷ್ಟು ಉದ್ದ ಅಂತ ಗೊತ್ತಿರುತ್ತದೆ. ಆದರೆ ನನ್ನ ಗಮನ ಸೆಳೆದಿದ್ದು ಅದೇ ಅಧ್ಯಯನದ ಇನ್ನೊಂದು ಮಾತು. ಪಟ್ಟಿ ಎಷ್ಟು ಬಿಡಿಬಿಡಿಯಾಗಿ, ಖಚಿತವಾಗಿ ಇತ್ತೋ ಅಷ್ಟು ಬೇಗ ನಿದ್ದೆ ಬಂದಿತ್ತು. ಅಂದರೆ ‘ತೋಟದ ಕೆಲಸ’ ಅಂತ ಗೀಚಿಟ್ಟರೆ ಸಾಲದು.

ಇದು ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತದೆ. ನಮ್ಮ ತೋಟ ಇರುವುದು ಹೊಸನಗರದ ಕಡೆ. ನಾನಿರುವುದು ಶಿವಮೊಗ್ಗದಲ್ಲಿ, ಕೆಲಸಕ್ಕೆ ಅಂತ. ಅಪ್ಪ ಹೋದ ಮೇಲೆ ಊರಿನ ಮನೆಯಲ್ಲಿ ಅಮ್ಮ ಒಬ್ಬಳೇ. ಜೂನ್ ಹತ್ತಿರ ಬಂತು ಅಂದರೆ ಅಡಿಕೆಗೆ ಕೊಳೆ ರೋಗದ ಭಯ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಲವತ್ತು, ನಲವತ್ತೈದು ದಿನ ಬಿಟ್ಟು ಎರಡನೇ ಸಲ. ತಡವಾದರೆ ಎಳೆಗಾಯಿ ಮರದ ಬುಡಕ್ಕೆ ಉದುರುತ್ತದೆ. ಅಷ್ಟರಲ್ಲಿ ಮಳೆ ಹಿಡಿದರೆ ಮರ ಹತ್ತುವವರೂ ಇಲ್ಲ. ಈ ಚಿಂತೆಯನ್ನು ‘ಔಷಧಿ ಹೊಡೆಸಬೇಕು’ ಅಂತ ಒಂದು ಸಾಲಿನಲ್ಲಿ ಬರೆದಿಟ್ಟರೆ ತಲೆ ಅದನ್ನು ಬಿಡುವುದಿಲ್ಲ. ಹೇಗೆ, ಯಾರು, ಯಾವತ್ತು ಅಂತ ಕೇಳುತ್ತಲೇ ಇರುತ್ತದೆ.

ಈಗ ಅದನ್ನೇ ಹೀಗೆ ಬರೆಯುತ್ತೇನೆ. ‘ಮೈಲುತುತ್ತ ಸೊಸೈಟಿಯಲ್ಲಿ ಇದೆಯಾ, ಬೆಳಿಗ್ಗೆ ಹತ್ತೂವರೆಗೆ ಫೋನ್. ಸುಣ್ಣ ಕೊಟ್ಟಿಗೆ ಅಟ್ಟದಲ್ಲಿದೆ, ಹೋದ ವರ್ಷದ್ದು, ಬೇಡ, ಹೊಸದು ತರಿಸು. ಹೊಡೆಯುವವನಿಗೆ ಹೇಳಿಯಾಗಿದೆ, ಬುಧವಾರ ಮತ್ತೆ ನೆನಪಿಸು. ಮಳೆ ಬಿಟ್ಟರೆ ಗುರುವಾರ. ಅಮ್ಮನಿಗೆ ಹೇಳು, ನಾಲ್ಕು ಜನಕ್ಕೆ ತಿಂಡಿ.’

ಇಷ್ಟು ಬರೆದಾಗ ಕೆಲಸ ಒಂದಿಂಚೂ ಮುಂದೆ ಹೋಗಿರುವುದಿಲ್ಲ. ಸೊಸೈಟಿ ಬಾಗಿಲು ಹಾಕಿದೆ, ಹೊಡೆಯುವವನು ಮಲಗಿದ್ದಾನೆ. ಆದರೂ ತಲೆ ಸುಮ್ಮನಾಗುತ್ತದೆ. ಮುಗಿಯದ ಕೆಲಸ ಮನಸ್ಸಿನಲ್ಲಿ ಕಚ್ಚಿಕೊಂಡಿರುತ್ತದೆ ಅಂತ ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಷ್ಟು ಹಿಂದೆಯೇ ಬರೆದಿದ್ದರು. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದರು. ಕೆಲಸ ಮುಗಿಯಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೂ ಆ ಕಾಟ ನಿಲ್ಲುತ್ತದೆ ಅಂತ ತೋರಿಸಿದರು. ಮನಸ್ಸಿಗೆ ಬೇಕಿದ್ದುದು ಒಂದು ಹೊತ್ತು, ಒಂದು ದಾರಿ.

ಹಾಗಾಗಿ ರಾತ್ರಿಯ ಬರಹದಲ್ಲಿ ನಾನು ಭಾವನೆಗೆ ಜಾಗ ಕೊಡುವುದಿಲ್ಲ. ಬೇಜಾರು, ಸಿಟ್ಟು, ಯಾರು ಏನಂದರು, ಅದ್ಯಾವುದೂ ಅಲ್ಲಿಲ್ಲ. ಅಂಥದ್ದೇನಾದರೂ ನುಗ್ಗಿ ಬಂದರೆ ‘ಅಣ್ಣನ ವಿಷಯ, ನಾಳೆ ಮಧ್ಯಾಹ್ನ’ ಅಂತ ಅದನ್ನೂ ಒಂದು ಕೆಲಸದ ಹಾಗೆ ಬರೆದಿಡುತ್ತೇನೆ. ಅದಕ್ಕೂ ಒಂದು ಹೊತ್ತು ಗೊತ್ತಾಯಿತಲ್ಲ, ಆವತ್ತಿಗೆ ಅಷ್ಟು ಸಾಕು.

ಅಂದಹಾಗೆ, ಭಾವನೆ ಇಲ್ಲದೆ ಬರೆಯುವುದು ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ನಮ್ಮಲ್ಲೂ ಇದೆ. ಅಂಗಳದಲ್ಲಿ, ಸೂರಿನ ನೀರು ಬೀಳದ ಜಾಗದಲ್ಲಿ, ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಅಳತೆ, ಹವಾಮಾನ ಇಲಾಖೆಯವರೂ ಅಳೆಯುವುದು ಅದೇ ಹೊತ್ತಿಗೆ. ಅಪ್ಪ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆಯುತ್ತಿದ್ದರು. ನೂರು ಸೆಂಟಿಗೆ ಒಂದು ಇಂಚು. ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರು, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಅದರ ಪಕ್ಕ ಅವತ್ತಿನ ಕೆಲಸ. ‘ಅಡಿಕೆ ಕೊನೆ ಕೊಯ್ಲು ಶುರು’, ‘ಕೆಂಪಿ ಕರು ಹಾಕಿತು’, ‘ಕರೆಂಟ್ ಬಂತು’. ಈಗ ಅಮ್ಮ ಬರೆಯುತ್ತಾಳೆ. ಫೋನ್ ಮಾಡಿದರೆ ಹೇಗಿದೀಯ ಅನ್ನುವ ಮೊದಲೇ ‘ಮೂರು ಇಂಚು ಹತ್ತು ಸೆಂಟು’ ಅನ್ನುತ್ತಾಳೆ.

ಆ ಪುಸ್ತಕದ ಬೆಲೆ ಗೊತ್ತಾಗುವುದು ಹಳೆ ಪುಟ ತಿರುವಿದಾಗ. ಪ್ರತಿ ಮಳೆಗಾಲದಲ್ಲೂ ನಾವು ‘ಇಂಥ ಮಳೆ ನಾನು ಕಂಡಿದ್ದೇ ಇಲ್ಲ’ ಅನ್ನುತ್ತೇವೆ, ಅಲ್ವಾ? ಶಿವಮೊಗ್ಗದಲ್ಲಾದರೆ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ಮಂಟಪ ಮುಳುಗಿತಾ ಅಂತ ನೋಡಿ ತೀರ್ಮಾನ ಮಾಡುತ್ತೇವೆ. ಪುಸ್ತಕ ತೆಗೆದರೆ 2019ರ ಆಗಸ್ಟ್ ಇದಕ್ಕಿಂತ ಜೋರಿತ್ತು ಅಂತ ಕಾಣುತ್ತದೆ. ನೆನಪು ಇವತ್ತಿನದನ್ನು ದೊಡ್ಡದು ಮಾಡಿ ತೋರಿಸುತ್ತದೆ. ‘ನನಗೆ ಯಾವಾಗಲೂ ಹೀಗೇ ಆಗುತ್ತೆ’ ಅಂತ ನಮ್ಮ ಬಗ್ಗೆ ನಾವು ಹೇಳಿಕೊಳ್ಳುವ ಮಾತನ್ನೂ ಹೀಗೇ ಪುಸ್ತಕ ತೆಗೆದು ನೋಡಬೇಕು ಅಂತ ನನಗೆ ಹೊಳೆದಿದ್ದು ಅಲ್ಲಿಂದಲೇ. ಅದಕ್ಕೆ ದಿನಕ್ಕೆ ಎರಡು ಸಾಲು ಸಾಕು. ಎಷ್ಟು ಹೊತ್ತಿಗೆ ಮಲಗಿದೆ, ಯಾರ ಜೊತೆ ಮಾತಾಡಿದೆ, ಏನು ನಡೆಯಿತು.

ಆದರೆ ಅಪ್ಪನ ಪುಸ್ತಕದಲ್ಲಿ ಇಲ್ಲದ್ದೂ ಒಂದಿದೆ. ಬೆಳೆ ಹೋದ ವರ್ಷ ಅವರಿಗೆ ಏನನ್ನಿಸಿತು ಅಂತ ಅದರಲ್ಲಿ ಒಂದಕ್ಷರ ಇಲ್ಲ. ಎಲ್ಲಿಯೂ ಹೇಳಲಿಲ್ಲ ಅವರು. ಆ ವರ್ಷಗಳಲ್ಲಿ ಊಟಕ್ಕೆ ಕೂತು ಅರ್ಧಕ್ಕೆ ಎದ್ದು ಹೋಗುತ್ತಿದ್ದರು, ಅಷ್ಟು ಮಾತ್ರ ನನಗೆ ನೆನಪಿದೆ.

ಇನ್ನು ಹಗಲಿನ ಬರಹ. ಇದರ ಬಗ್ಗೆ ಎಲ್ಲರೂ ಹೇಳುವ ಹೆಸರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್. 1986ರಲ್ಲಿ ಅವರು ಮತ್ತು ಸಾಂಡ್ರಾ ಬೀಲ್ 46 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟ ಆಯಿತು. ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ ಬರೆಯಬೇಕು. ಕೆಲವರಿಗೆ ಮಾಮೂಲಿ ವಿಷಯ ಕೊಟ್ಟರು. ಉಳಿದವರಿಗೆ ಬದುಕಿನಲ್ಲಿ ಆದ ದೊಡ್ಡ ಆಘಾತ. ಅವರಲ್ಲೂ ಮೂರು ಗುಂಪು. ಒಂದು ಗುಂಪಿನವರು ನಡೆದಿದ್ದನ್ನು ಮಾತ್ರ ಬರೆಯಬೇಕು. ಇನ್ನೊಂದು ಗುಂಪಿನವರು ಅನ್ನಿಸಿದ್ದನ್ನು ಮಾತ್ರ. ಮೂರನೆಯವರು ಎರಡನ್ನೂ ಸೇರಿಸಿ ಬರೆಯಬೇಕು. ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋಗುವುದು ಕಡಿಮೆ ಆಗಿದ್ದು ಈ ಮೂರನೇ ಗುಂಪಿನವರಿಗೆ. ಬರೀ ಘಟನೆ ಬರೆದರೆ ಸಾಲುವುದಿಲ್ಲ. ಬರೀ ಅಳಲು ತೋಡಿಕೊಂಡರೂ ಸಾಲುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಆಘಾತದ ಬಗ್ಗೆ ಮನಸ್ಸು ಬಿಚ್ಚಿ ಬರೆದವರಿಗೆ ಬರೆದ ಕೂಡಲೇ ಹಗುರ ಆಗಿರಲಿಲ್ಲ. ಬೇಜಾರು ಜಾಸ್ತಿ ಆಗಿತ್ತು, ರಕ್ತದೊತ್ತಡವೂ ಏರಿತ್ತು. ಲಾಭ ಕಂಡಿದ್ದು ನಿಧಾನಕ್ಕೆ, ತಿಂಗಳುಗಳಲ್ಲಿ. ರಾತ್ರಿ ಇದನ್ನು ಬರೆಯಬೇಡಿ ಅಂತ ನಾನು ಹೇಳುವುದು ಇದಕ್ಕೇ. ಗಾಯ ಬಿಚ್ಚಿಟ್ಟುಕೊಂಡು ಹಾಸಿಗೆಗೆ ಹೋದರೆ ನಿದ್ದೆ ಹೇಗೆ ಬರಬೇಕು? ಬರೆದಾದ ಮೇಲೆ ಕೈಗೆ ಏನಾದರೂ ಕೆಲಸ ಬೇಕು, ನಾಲ್ಕು ಜನರ ನಡುವೆ ಓಡಾಟ ಬೇಕು. ನಾನು ಬರೆಯುವುದು ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ಹಳೆ ಫೈಲುಗಳ ಕೋಣೆಯಲ್ಲಿ. ಮುಗಿದ ಕೂಡಲೇ ಕೌಂಟರಿಗೆ ಬಂದು ಕೂರಬೇಕಾಗುತ್ತದೆ. ಯಾರೋ ಬಂದು ‘ಮೇಡಂ, ಇದೊಂದು ನೋಡಿ’ ಅನ್ನುತ್ತಾರೆ. ಅದು ನನಗೆ ಒಳ್ಳೆಯದೇ ಆಗಿದೆ.

ಅಣ್ಣನ ವಿಷಯ ಹೇಳುತ್ತೇನೆ. ಅವನಿರುವುದು ಬೆಂಗಳೂರಿನಲ್ಲಿ. ದೀಪಾವಳಿಗೆ ಬಂದವನು ಗುಜರಿಯವನನ್ನು ಕರೆಸಿ, ಅಡಿಕೆ ಬೇಯಿಸುವ ತಾಮ್ರದ ಹಂಡೆ ಮಾರಿಬಿಟ್ಟ. ಈಗ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಡುತ್ತಿದ್ದೇವೆ, ಬೇಯಿಸುವ ಕೆಲಸವೇ ಇಲ್ಲ, ಹಂಡೆ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿತ್ತು ಅಂದ. ಅವನು ಹೇಳಿದ್ದು ತಪ್ಪೇನೂ ಅಲ್ಲ. ಆದರೆ ನಾನು ಉರಿದು ಹೋದೆ. ಹಬ್ಬದ ದಿನ ಮಾತಾಡಲಿಲ್ಲ. ಆಮೇಲೂ ಮಾತಾಡಲಿಲ್ಲ.

ಮೊದಲ ದಿನ ಬರೆದಿದ್ದು ಬರೀ ಬೈಗುಳ. ಎರಡನೇ ದಿನವೂ ಹೆಚ್ಚುಕಡಿಮೆ ಅದೇ, ಅವನು ಚಿಕ್ಕವನಿದ್ದಾಗಿನ ಹಳೆ ಲೆಕ್ಕವೂ ಸೇರಿಕೊಂಡಿತು. ಆಮೇಲೆ ಒಂದು ದಿನ ಸಿಟ್ಟಿನ ಮಾತು ಬಿಟ್ಟು ಹಂಡೆಯನ್ನೇ ಬರೆದೆ. ಕಂಠದ ಹತ್ತಿರ ತಗ್ಗಿದ್ದಿದ್ದು. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಕಪ್ಪು ಎಷ್ಟು ತಿಕ್ಕಿದರೂ ಹೋಗದೆ ಒಳಗೆ ಅರ್ಧದವರೆಗೆ ನಿಂತಿದ್ದಿದ್ದು. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯುವವರ ಸಾಲು, ಆಚೆ ಒಲೆಯ ಮೇಲೆ ಇದು ಕುದಿಯುತ್ತಿದ್ದಿದ್ದು. ಬೆಂದಿದೆಯಾ ಅಂತ ಅಪ್ಪ ಒಂದು ಅಡಿಕೆ ತೆಗೆದು ಉಗುರಿನಲ್ಲಿ ಒತ್ತಿ ನೋಡಿ, ಆ ಮೇಲೆ ನನ್ನ ಕೈಗೆ ಕೊಟ್ಟು ‘ನೀ ಹೇಳು’ ಅನ್ನುತ್ತಿದ್ದಿದ್ದು. ನನಗೇನು ಗೊತ್ತಾಗುತ್ತಿತ್ತು? ಆದರೂ ಕೇಳುತ್ತಿದ್ದರು. ಅಲ್ಲಿ ಕೈ ನಿಂತಿತು. ಆ ಮನೆಯಲ್ಲಿ ನನ್ನನ್ನು ಕೇಳುವವರಿದ್ದರು. ಈಗ ಹಂಡೆ ಮಾರುವ ಮುಂಚೆ ನನ್ನನ್ನು ಯಾರೂ ಕೇಳಲಿಲ್ಲ.

ಬರವಣಿಗೆಯಿಂದ ಯಾರಿಗೆ ಉಪಯೋಗ ಆಗುತ್ತದೆ ಅಂತ ಪೆನ್‌ಬೇಕರ್ ಮುಂದೆ ಪದಗಳನ್ನೇ ಎಣಿಸಿ ನೋಡಿದರು. ದಿನ ಕಳೆದಂತೆ ಬರಹದಲ್ಲಿ ‘ಯಾಕೆಂದರೆ’, ‘ಅದಕ್ಕೇ’, ‘ಈಗ ಅರ್ಥ ಆಯಿತು’ ಥರದ ಮಾತುಗಳು ಹೆಚ್ಚಾದವರಿಗೆ ಲಾಭ ಜಾಸ್ತಿ ಕಂಡಿತು. ನಾಲ್ಕೂ ದಿನ ಒಂದೇ ಮಾತನ್ನು ಸುತ್ತಿದವರಿಗೆ ಅಷ್ಟು ಇಲ್ಲ. ಹಾಗಾಗಿ ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ. ಮೂರು ನಾಲ್ಕು ದಿನ ಬರೆದರೂ ಅದೇ ಸಾಲುಗಳೇ ಬರುತ್ತಿದ್ದರೆ ನಿಲ್ಲಿಸಿಬಿಡುತ್ತೇನೆ. ಅದು ಬರವಣಿಗೆ ಆಗಿ ಉಳಿದಿಲ್ಲ, ಕೊರಗು ಪುಸ್ತಕಕ್ಕೆ ಬಂದಿದೆ ಅಷ್ಟೇ.

ಅಣ್ಣನಿಗೆ ಫೋನ್ ಮಾಡಿದೆ. ಬರೆದಿದ್ದನ್ನೆಲ್ಲ ಹೇಳಲಿಲ್ಲ. ‘ಹಂಡೆ ಮಾರಿದ್ದಕ್ಕೆ ಅಲ್ಲ ಅಣ್ಣಾ, ನನಗೊಂದು ಮಾತು ಹೇಳ್ಬಹುದಿತ್ತು’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು, ‘ಕೇಳಿದ್ರೆ ನೀನು ಬೇಡ ಅಂತಿದ್ದೆ ಮಾರಾಯ್ತಿ’ ಅಂದ. ಅದೂ ಸರಿಯೇ. ನಾವಿನ್ನೂ ಪೂರ್ತಿ ಮೊದಲಿನ ಹಾಗೆ ಆಗಿಲ್ಲ. ಆದರೆ ಹಂಡೆ ರಾತ್ರಿ ಬರುವುದು ನಿಂತಿದೆ.

ಇದು ಎಲ್ಲಕ್ಕೂ ಮದ್ದು ಅಂತ ನಾನು ಹೇಳಲಾರೆ. 2006ರಲ್ಲಿ ಸಂಶೋಧಕಿ ಜೊಆನ್ ಫ್ರಾಟರೊಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಇರುವುದು ನಿಜ, ಆದರೆ ಸಣ್ಣದು ಅಂತ ಕಂಡುಬಂತು. ಖರ್ಚಿಲ್ಲದ ಕೆಲಸಕ್ಕೆ ಅಷ್ಟು ಸಿಕ್ಕರೆ ನನಗೆ ಸಂತೋಷವೇ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅನ್ನುವವರು ಪುಸ್ತಕ ಹಿಡಿದು ಕೂರಬಾರದು. ಡಾಕ್ಟರ ಹತ್ತಿರ ಹೋಗಬೇಕು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ, 2022ರ ಅಕ್ಟೋಬರಿನಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಸ್ ಇಲ್ಲದ, ಮನೆಗೂ ಮನೆಗೂ ಮೈಲಿ ದೂರ ಇರುವ ನಮ್ಮ ಹಳ್ಳಿಗಳಲ್ಲಿ ಈ ನಂಬರ್ ಗೋಡೆ ಮೇಲೆ ಬರೆದಿರಬೇಕು ಅಂತ ನನ್ನ ಆಸೆ. ದಿನಾ ಮೂರು ಒಳ್ಳೆ ವಿಷಯ ಬರೆಯಿರಿ ಅನ್ನುವ ಸಲಹೆಯೂ ಇದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ದಿನಾ ಬರೆದರೆ ಬಾಯಿಪಾಠ ಆಗುತ್ತದೆ. ವಾರಕ್ಕೊಮ್ಮೆ ಆದರೆ ಸರಿ.

ಬರೆದರೆ ಮನೆಯಲ್ಲಿ ಯಾರಾದರೂ ಓದಿಬಿಟ್ಟರೆ? ಹೆಂಗಸರು ನನ್ನನ್ನು ಮೊದಲು ಕೇಳುವುದೇ ಇದನ್ನು. ಕಪಾಟಿಗೆ ಬೀಗ ಇಲ್ಲದ ಮನೆಗಳು ನಮ್ಮವು, ದಿಂಬಿನ ಕೆಳಗೆ ಇಟ್ಟರೂ ಯಾರೋ ಹಾಸಿಗೆ ಕೊಡವುತ್ತಾರೆ. ಓದುತ್ತಾರೆ ಅನ್ನುವ ಭಯ ಇದ್ದರೆ ನಿಜ ಬರುವುದಿಲ್ಲ. ಅದಕ್ಕೆ ನಾನು ಹೇಳುವುದು, ಹಗಲಿನ ಬರಹವನ್ನು ಬಿಡಿ ಹಾಳೆಯಲ್ಲಿ ಬರೆಯಿರಿ, ಬರೆದಾದ ಮೇಲೆ ಬಚ್ಚಲ ಒಲೆಗೆ ಹಾಕಿ. ನಾನು ಊರಿಗೆ ಹೋದಾಗ ಮಾಡುವುದೇ ಇದು. ಸ್ನಾನಕ್ಕೆ ನೀರು ಕಾಯುತ್ತದೆ, ಹಾಳೆಯೂ ಹೋಗುತ್ತದೆ. ಬರೆಯುವಾಗ ಆಗಬೇಕಾದ್ದು ಆಗಿರುತ್ತದೆ, ಹಾಳೆ ಉಳಿಯಬೇಕಂತಿಲ್ಲ. ಶೃಂಗೇರಿ ಮಠದಲ್ಲಿರುವಂಥ ಹಳೆಯ ಕಡತಗಳ ಬಗ್ಗೆ ಕೇಳಿದ್ದೀರಾ? ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡ ಅಂದರೆ ಒರೆಸಿ ಮತ್ತೆ ಬರೆಯಬಹುದಿತ್ತು. ನಮ್ಮ ಹಿರಿಯರು ಅಳಿಸುವುದಕ್ಕೂ ಆಗುವ ಹಾಗೆ ಪುಸ್ತಕ ಮಾಡಿಕೊಂಡಿದ್ದರು ಅನ್ನುವುದು ನನಗೆ ಬಹಳ ಇಷ್ಟ.

ರಾತ್ರಿಯ ಪಟ್ಟಿ ಮತ್ತು ಎರಡು ಸಾಲಿನ ದಿನಚರಿ ಮಾತ್ರ ಪುಸ್ತಕದಲ್ಲಿ ಉಳಿಯಲಿ. ಅದನ್ನು ಯಾರು ಓದಿದರೂ ನಷ್ಟ ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಸಾದಾ ಗೆರೆ ಪುಸ್ತಕ ಸಾಕು. ಮಳೆಗಾಲಕ್ಕೆ ಪೆನ್ಸಿಲ್ ಒಳ್ಳೆಯದು. ಜುಲೈನಲ್ಲಿ ಹಾಳೆ ಥಂಡಿ ಹಿಡಿದಿರುತ್ತದೆ, ಬಾಲ್‌ಪೆನ್ ಜಾರುತ್ತದೆ, ಇಂಕ್ ಪೆನ್ನಾದರೆ ಅಕ್ಷರ ಒಡೆಯುತ್ತದೆ. ಮೊಬೈಲಿನಲ್ಲಿ ಬರೆಯಬಹುದು, ಆದರೆ ಬರೆಯಲು ತೆಗೆದ ಮೊಬೈಲು ಇನ್ನೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಮಲಗುವ ಹೊತ್ತಿಗೆ ಅದು ಬೇಡ.

ತಿಂಗಳಿಗೊಮ್ಮೆ ಆ ಎರಡೆರಡು ಸಾಲುಗಳನ್ನು ಮೊದಲಿನಿಂದ ಓದುತ್ತೇನೆ. ಹಾಗೆ ಓದುವಾಗ ಕಂಡಿದ್ದು, ಭಾನುವಾರದ ಪಟ್ಟಿ ಹೆಚ್ಚಾಗಿ ಉದ್ದ. ಅವತ್ತು ಮಲಗಿದ್ದೂ ತಡ. ಸೋಮವಾರದ ಆಫೀಸಿನ ತಲೆಬಿಸಿ ಇದು ಅಂತ ನಾನು ಅಂದುಕೊಳ್ಳುತ್ತಿದ್ದೆ. ಆದರೆ ಸೋಮವಾರ ರಜೆ ಇದ್ದ ವಾರಗಳಲ್ಲೂ ಹಾಗೇ ಇತ್ತು. ಊರಿಗೆ ಹೋಗದ ವಾರಗಳಲ್ಲಿ ಮಾತ್ರ ಇರಲಿಲ್ಲ. ಸಂಜೆ ಹೊತ್ತಿನಲ್ಲಿ, ಕತ್ತಲಾಗುವ ಮುಂಚೆ ಬಸ್ ಹಿಡಿಯಬೇಕು ಅಂತ ಅಮ್ಮನನ್ನು ಗೇಟಿನ ಹತ್ತಿರ ನಿಲ್ಲಿಸಿ ಹೊರಡುತ್ತೇನಲ್ಲ, ಅದೇ ಅದು. ರಿಪ್ಪನ್‌ಪೇಟೆ, ಆಯನೂರು ದಾಟಿ ಬರುವವರೆಗೂ ತಲೆಯಲ್ಲಿ ಅವಳೇ ಇರುತ್ತಾಳೆ.

ಕಾರಣ ಗೊತ್ತಾದ ಮೇಲೆ ಬದಲಾಯಿಸುವುದು ಕಷ್ಟ ಆಗಲಿಲ್ಲ. ಈಗ ಭಾನುವಾರ ರಾತ್ರಿ ಅಲ್ಲೇ ಉಳಿಯುತ್ತೇನೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಸೀದಾ ಬಸ್‌ಸ್ಟ್ಯಾಂಡಿನಿಂದ ಆಫೀಸಿಗೆ ಹೋಗುತ್ತೇನೆ. ಬೆಳಿಗ್ಗೆ ಆದ್ದರಿಂದ ಅಮ್ಮನಿಗೂ ದನ, ಹಾಲು, ಹೂವು ಅಂತ ಕೆಲಸ ಇರುತ್ತದೆ, ಗೇಟಿನ ಹತ್ತಿರ ನಿಲ್ಲುವುದಿಲ್ಲ. ಇಲ್ಲಿ ಮನೆಯವರು ಮತ್ತು ಮಗ ಸೋಮವಾರದ ತಿಂಡಿ ತಾವೇ ಮಾಡಿಕೊಳ್ಳುತ್ತಾರೆ, ಅವಲಕ್ಕಿಯೋ ಉಪ್ಪಿಟ್ಟೋ. ಮಳೆಗಾಲ ಮೂರು ತಿಂಗಳು ಅಮ್ಮ ಶಿವಮೊಗ್ಗಕ್ಕೆ ಬಂದಿರುತ್ತಾಳಾ ಅನ್ನುವ ಪ್ರಶ್ನೆ ಇನ್ನೂ ಹಾಗೇ ಇದೆ. ಅವಳು ಒಪ್ಪಿಲ್ಲ. ಅಣ್ಣ ಈ ತಿಂಗಳ ಕೊನೆಗೆ ಬರುತ್ತಾನಂತೆ, ಮೂವರೂ ಕೂತು ಮಾತಾಡಬೇಕು. ಅದಕ್ಕೂ ದಿನ ಗೊತ್ತುಮಾಡಿ ಬರೆದಿಟ್ಟಿದ್ದೇನೆ.